ಒಂದು ಸೈಲೆನ್ಸರೋ, ಎರಡೋ? ದೂರದ ದಾರಿಯ ಬೈಕಿಗೆ ಯಾವುದು ಸರಿ

"650 ಇಂಟರ್‌ಸೆಪ್ಟರ್ ತಗೊಂಡೆ. ಎರಡು ಸೈಲೆನ್ಸರ್ ತೆಗೆಸಿ ಒಂದೇ ಹಾಕಿಸಿಬಿಡ್ಲಾ?"

"ನನ್ನದು ಸಿಂಗಲ್ ಸಿಲಿಂಡರ್. ಡಬಲ್ ಸೈಲೆನ್ಸರ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತಾ?"

ಈ ಎರಡು ಪ್ರಶ್ನೆ ಓದುಗರಿಂದ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೆ ಬೇರೆಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸದ್ದು ಕೇಳಿ ಸೈಲೆನ್ಸರ್ ಆರಿಸಬೇಡಿ. ಮೊಬೈಲಿನಲ್ಲಿ ವಿಡಿಯೊ ನೋಡಿ ಆರಿಸುವುದಂತೂ ಬೇಡವೇ ಬೇಡ. ದೂರ ಹೋಗುವ ಬೈಕಿಗೆ ಒಂದು ಬೇಕೋ ಎರಡು ಬೇಕೋ ಅನ್ನುವುದನ್ನು ಎಂಜಿನ್ನಿನ ಸಿಲಿಂಡರ್, ಹಿಂದೆ ಕೂರುವವರು, ಪಕ್ಕಕ್ಕೆ ಕಟ್ಟುವ ಬ್ಯಾಗು, ಈ ಮೂರೂ ಸೇರಿ ಹೇಳುತ್ತವೆ. ಮೂರನ್ನೂ ನೋಡಿದ ಮೇಲೂ ಗೊಂದಲ ಉಳಿದರೆ ಕಂಪನಿ ಕೊಟ್ಟದ್ದನ್ನೇ ಇಟ್ಟುಕೊಳ್ಳಿ. ದುಡ್ಡೂ ಉಳಿಯುತ್ತದೆ.

ಶುರು ಮಾಡುವ ಮೊದಲು ಕೆಲವು ಪದಗಳು

ಎಂಜಿನ್ನಿನಿಂದ ಹೊರಟು ಬಾಗಿ ಕೆಳಗಿಳಿಯುವ ಪೈಪಿಗೆ ಗ್ಯಾರೇಜಿನಲ್ಲಿ 'ಬೆಂಡ್ ಪೈಪ್' ಅನ್ನುತ್ತಾರೆ. ಅಂಗಡಿಯವರು ಅದನ್ನೇ ಹೆಡರ್ ಅನ್ನಬಹುದು. ಅದರ ಹಿಂದೆ ಬರುವ ದಪ್ಪ ಡಬ್ಬಿ ಸೈಲೆನ್ಸರ್. ಸಾಮಾನ್ಯವಾಗಿ ಇವೆರಡರ ನಡುವೆ, ಅಥವಾ ಬೆಂಡ್ ಪೈಪಿನ ಒಳಗೇ, ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಜೇನುಗೂಡಿನಂತೆ ಸಣ್ಣ ಕಣ್ಣುಗಳಿರುವ ಇದು ಹೊಗೆಯಲ್ಲಿನ ವಿಷದ ಅಂಶಗಳನ್ನು ಕಡಿಮೆ ಮಾಡುತ್ತದೆ. ಪೈಪಿಗೆ ಮೊಳೆಯಂತೆ ಚುಚ್ಚಿಕೊಂಡು, ವೈರ್ ಹೊರಗೆ ಬಿಟ್ಟುಕೊಂಡಿರುವುದು ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅದು ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಅದನ್ನು ನೋಡಿ ಇಸಿಯು ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತದೆ.

ಹಿಂದಿನ ಡಬ್ಬಿ ಮಾತ್ರ ಬದಲಿಸಿದರೆ 'ಸ್ಲಿಪ್-ಆನ್'. ಬೆಂಡ್ ಪೈಪಿನಿಂದ ತುದಿಯವರೆಗೆ ಎಲ್ಲ ಬದಲಿಸಿದರೆ 'ಫುಲ್ ಸಿಸ್ಟಮ್'. ಎರಡು ಸಿಲಿಂಡರಿನ ಪೈಪುಗಳು ಮಧ್ಯದಲ್ಲಿ ಕೂಡಿ ಒಂದೇ ಸೈಲೆನ್ಸರಿಗೆ ಹೋದರೆ ಅದು 'ಟೂ-ಇನ್‌ಟು-ಒನ್'.

ಮುಂದಿನ ಹಂತಗಳಿಗೆ ಬೇಕಾಗುವುದು ಇಷ್ಟು: ಅಳತೆ ಟೇಪು, ನೀವು ನಿಜವಾಗಿ ಒಯ್ಯುವ ಬ್ಯಾಗು (ಖಾಲಿ ಅಲ್ಲ, ತುಂಬಿದ್ದು), ನಿಮ್ಮ ಜೊತೆ ಬರುವವರು, ಬೈಕಿನ ಆರ್‌ಸಿ, ಅರ್ಧ ದಿನದ ಬಿಡುವು.

1. ಮೊದಲು ಸಿಲಿಂಡರ್ ಎಣಿಸಿ

ನಿಮ್ಮದು ಒಂದೇ ಸಿಲಿಂಡರಿನ ಬೈಕ್ ಆಗಿದ್ದರೆ ಹೊಗೆ ಬರುವುದು ಒಂದೇ ಕಡೆಯಿಂದ. ಅದನ್ನು ಒಡೆದು ಎರಡು ಸೈಲೆನ್ಸರಿಗೆ ಬಿಟ್ಟರೆ ಶಕ್ತಿ ಹೆಚ್ಚುವುದಿಲ್ಲ. ತೂಕ ಹೆಚ್ಚುತ್ತದೆ, ಅಷ್ಟೇ. ಪೈಪಿನ ಅಳತೆ ತಪ್ಪಿದರೆ ಇದ್ದ ಎಳೆತವೂ ಕಡಿಮೆಯಾಗುತ್ತದೆ.

"ಹಾಗಾದರೆ ಜಾವಾ, ಯೆಜ್ಡಿ?" ಅಂತ ಕೇಳುತ್ತೀರಿ, ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ 250 ಸಿಸಿಯ ಆ ಬೈಕುಗಳಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಆದರೆ ಅಲ್ಲಿ ಸಿಲಿಂಡರಿನಲ್ಲೇ ಹೊಗೆಗೆ ಎರಡು ಬಾಯಿ ಇಟ್ಟು ಎಂಜಿನ್ ಮಾಡಿದ್ದರು. 2018ರಲ್ಲಿ ಮತ್ತೆ ಬಂದ ಜಾವಾ ಕೂಡ ಆ ನೋಟವನ್ನು ಉಳಿಸಿಕೊಂಡಿತು. ಎಂಜಿನ್ನನ್ನೇ ಅದಕ್ಕೆ ತಕ್ಕಂತೆ ಮಾಡುವುದು ಬೇರೆ, ಗ್ಯಾರೇಜಿನಲ್ಲಿ ಪೈಪು ಕತ್ತರಿಸಿ 'ವೈ' ಆಕಾರದಲ್ಲಿ ವೆಲ್ಡ್ ಮಾಡಿಸುವುದು ಬೇರೆ. ಎರಡನೆಯದನ್ನು ದಯವಿಟ್ಟು ಮಾಡಿಸಬೇಡಿ. ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್‌ನಂಥ ಒಂದು ಸಿಲಿಂಡರಿನ ಬೈಕಿದ್ದವರು ಈ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟು, ಬ್ಯಾಗಿನ ಹಂತಕ್ಕೆ ಹೋಗಬಹುದು.

ಎರಡು ಸಿಲಿಂಡರ್ ಇದ್ದರೆ ವಿಷಯ ಸ್ವಲ್ಪ ಆಳಕ್ಕೆ ಹೋಗುತ್ತದೆ. ಹೊಗೆ ಪೈಪಿನಲ್ಲಿ ಒಂದೇ ಸಮ ಹರಿಯುವುದಿಲ್ಲ, ಪ್ರತಿ ಸಲ ವಾಲ್ವ್ ತೆರೆದಾಗ ಒಂದೊಂದು ಗುದ್ದಿನಂತೆ ಹೊರಡುತ್ತದೆ. ಆ ಗುದ್ದಿನ ಬೆನ್ನಿಗೇ ಒತ್ತಡ ಕಡಿಮೆಯಾದ ಜಾಗ ಉಂಟಾಗುತ್ತದೆ. ತುಂಬಿ ಓಡುವ ಕಾಲುವೆ ಪಕ್ಕದ ಸಣ್ಣ ತೋಡಿನ ನೀರನ್ನೂ ಎಳೆದುಕೊಳ್ಳುತ್ತದಲ್ಲ, ಹಾಗೆ. ಎರಡು ಪೈಪುಗಳು ಸರಿಯಾದ ದೂರದಲ್ಲಿ ಕೂಡಿದರೆ ಒಂದು ಸಿಲಿಂಡರಿನ ಹೊಗೆ ಇನ್ನೊಂದರ ಹೊಗೆಯನ್ನು ಹೊರಗೆಳೆಯಲು ಸಹಾಯ ಮಾಡುತ್ತದೆ. ಪೈಪುಗಳು ಪೂರಾ ಬೇರೆಬೇರೆಯಾಗಿದ್ದರೆ ಈ ಸಹಾಯ ಸಿಗುವುದಿಲ್ಲ. ಟೂ-ಇನ್‌ಟು-ಒನ್‌ನಲ್ಲಿ ನಡುವಿನ ವೇಗದಲ್ಲಿ ಎಳೆತ ಚೆನ್ನಾಗಿರುತ್ತದೆ ಅನ್ನುವುದಕ್ಕೆ ಇದೇ ಕಾರಣ.

ಇದಕ್ಕೆ ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ. ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ 650ಗೆ ಎರಡು ಬದಿಗೂ ಸೈಲೆನ್ಸರ್. 2024ರಲ್ಲಿ ಬಂದ ಇಂಟರ್‌ಸೆಪ್ಟರ್ ಬೇರ್ 650ಗೆ ಅದೇ 648 ಸಿಸಿ ಎಂಜಿನ್, ಆದರೆ ಟೂ-ಇನ್‌ಟು-ಒನ್, ಬಲಗಡೆ ಒಂದೇ ಸೈಲೆನ್ಸರ್. ಎರಡರ ಅತಿ ಹೆಚ್ಚಿನ ಶಕ್ತಿ ಒಂದೇ, ಸುಮಾರು 47 ಬಿಎಚ್‌ಪಿ. ಟಾರ್ಕ್, ಅಂದರೆ ಎಳೆಯುವ ಬಲ, ಇಂಟರ್‌ಸೆಪ್ಟರಿನಲ್ಲಿ 52.3 ನ್ಯೂಟನ್ ಮೀಟರ್, ಬೇರ್‌ನಲ್ಲಿ 56.5. ಚಾರ್ಮಾಡಿಯಲ್ಲಿ ಇಬ್ಬರು ಕೂತು, ಬ್ಯಾಗು ಕಟ್ಟಿಕೊಂಡು ಮೂರನೇ ಗೇರಿನಲ್ಲಿ ಹತ್ತುವಾಗ ಉಪಯೋಗಕ್ಕೆ ಬರುವುದು ಈ ಎಳೆತವೇ.

ಎಚ್ಚರಿಕೆ: ಈ ವ್ಯತ್ಯಾಸ ಪೈಪಿನಿಂದ ಮಾತ್ರ ಬಂದದ್ದಲ್ಲ. ಹೊಸ ಪೈಪಿಗೆ ಹೊಂದುವಂತೆ ಕಂಪನಿ ಇಸಿಯುವಿನ ಲೆಕ್ಕವನ್ನೂ ಬದಲಿಸಿದೆ. ನೀವು ಪೈಪ್ ಒಂದನ್ನೇ ತಂದು ಹಾಕಿಸಿದರೆ ಈ ಅಂಕಿ ಸಿಗುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. "ಬ್ಯಾಕ್ ಪ್ರೆಷರ್ ಇರಬೇಕು ಸಾರ್" ಅನ್ನುವ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಬ್ಯಾಕ್ ಪ್ರೆಷರ್ ಅಂದರೆ ಹೊಗೆಗೆ ಎದುರಾಗುವ ಅಡ್ಡಿ. ಅಡ್ಡಿ ಯಾವ ಎಂಜಿನ್ನಿಗೂ ಬೇಡ. ಬೇಕಾಗಿರುವುದು ಹೊಗೆಯ ಓಟ ಕುಗ್ಗದಂಥ ಪೈಪಿನ ದಪ್ಪ. ತೀರಾ ಅಗಲದ ಪೈಪ್ ಹಾಕಿದಾಗ ಎಳೆತ ಕಡಿಮೆಯಾಗುವುದು ಓಟ ನಿಧಾನವಾಗುವುದರಿಂದ. ಅನುಭವ ಸರಿ, ಕೊಟ್ಟ ಕಾರಣ ತಪ್ಪು.

2. ಹಿಂದೆ ಕೂರುವವರನ್ನು ಹತ್ತಿಸಿ, ಇಳಿಸಿ ನೋಡಿ

ಹೊರದೇಶದವರು ಬರೆದ ಮಾರ್ಗದರ್ಶಿಗಳಲ್ಲಿ ಇದು ನಿಮಗೆ ಸಿಗುವುದಿಲ್ಲ. ನಮಗೆ ಬೇಕಾದದ್ದು ಇದೇ.

ನಮ್ಮಲ್ಲಿ ಬೈಕ್ ಹತ್ತುವುದು, ಇಳಿಯುವುದು ಎಡಗಡೆಯಿಂದ. ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ. ಸೀರೆ ಉಟ್ಟವರು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವುದೂ ಎಡಕ್ಕೇ. ಒಂದೇ ಸೈಲೆನ್ಸರಿನ ಬೈಕುಗಳಲ್ಲಿ ಅದು ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಹಾಗಾಗಿ ಎಡಬದಿ ತಣ್ಣಗಿರುತ್ತದೆ ಅನ್ನುವುದು ನಮ್ಮ ಕಾಲಿಗೆ ಅಭ್ಯಾಸವಾಗಿಬಿಟ್ಟಿದೆ. ಡಬಲ್ ಸೈಲೆನ್ಸರಿನಲ್ಲಿ ಈ ಅಭ್ಯಾಸ ಕೈಕೊಡುತ್ತದೆ. ನೂರು ಕಿಲೋಮೀಟರ್ ಓಡಿ ಟೀ ಕುಡಿಯಲು ನಿಲ್ಲಿಸಿದಾಗ ಮೀನಖಂಡಕ್ಕೆ ಸುಟ್ಟ ಗಾಯ ಆಗುವುದು ಹೀಗೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ಇನ್ನೂ ಗಮನಿಸಬೇಕು. ಅವರ ಕಾಲು ಫುಟ್‌ರೆಸ್ಟಿಗೆ ಎಟುಕದೆ ಸೈಲೆನ್ಸರಿನ ಪಕ್ಕದಲ್ಲೇ ತೂಗಾಡುತ್ತಿರುತ್ತದೆ.

ಅದಕ್ಕೇ ಎಂಜಿನ್ ಆಫ್ ಇರುವಾಗ, ಎಲ್ಲ ತಣ್ಣಗಿರುವಾಗ, ಜೊತೆಯವರನ್ನು ಹತ್ತಿಸಿ ನೋಡಿ. ಅಮ್ಮ ಬರುವುದಾದರೆ ಅಮ್ಮನನ್ನೇ ಕೂರಿಸಿ, ಗೆಳೆಯನನ್ನಲ್ಲ. ಸೀರೆಯಲ್ಲಿ ಕೂತರೆ ಹಿಮ್ಮಡಿ ಎಲ್ಲಿಗೆ ಬರುತ್ತದೆ? ಸೆರಗು, ದುಪಟ್ಟಾ, ರೇನ್ ಕೋಟಿನ ಅಂಚು ಎಲ್ಲಿ ತಾಗುತ್ತದೆ? ಸೈಲೆನ್ಸರಿನ ಮೇಲೆ ಹೀಟ್ ಶೀಲ್ಡ್, ಅಂದರೆ ಬಿಸಿ ತಾಗದಂತೆ ತಡೆಯುವ ತಗಡು, ಎಲ್ಲಿಯವರೆಗೆ ಇದೆ? ಸೀರೆ ಗಾರ್ಡ್ ತೆಗೆಸಿ ಡಬಲ್ ಸೈಲೆನ್ಸರ್ 'ಕ್ಲೀನ್ ಲುಕ್' ಮಾಡಿಸುವವರನ್ನು ನೋಡಿದ್ದೇನೆ. ಕುಟುಂಬದವರನ್ನು ಕೂರಿಸಿಕೊಳ್ಳುವ ಬೈಕಿನಲ್ಲಿ ಈ ಚಂದ ಬೇಡ.

ಯಾವಾಗಲೂ ಒಬ್ಬರೇ ಹೋಗುವವರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಮುಂದೆ ಹೋಗಿ.

3. ಬ್ಯಾಗು ಕಟ್ಟಿ ಅಳೆಯಿರಿ

ಇಲ್ಲಿ ಎಲ್ಲರೂ ಸಿಂಗಲ್ಲೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಯಾವಾಗಲೂ ಅಲ್ಲ. ಲೆಕ್ಕಕ್ಕೆ ಬರುವುದು ಸೈಲೆನ್ಸರ್ ಎಷ್ಟು ಎತ್ತರದಲ್ಲಿದೆ ಅನ್ನುವುದು.

ಅಡ್ವೆಂಚರ್ ಬೈಕುಗಳ ಒಂಟಿ ಸೈಲೆನ್ಸರ್ ಮೇಲಕ್ಕೆ ಎದ್ದಿರುತ್ತದೆ. ಬಲಗಡೆಯ ಪೆಟ್ಟಿಗೆ ಕೂರಬೇಕಾದ ಜಾಗವನ್ನೇ ಅದು ತಿನ್ನುತ್ತದೆ. ಆಗ ಬಲಗಡೆಯ ರ‍್ಯಾಕನ್ನು ಹೊರಕ್ಕೆ ಚಾಚಬೇಕು, ಇಲ್ಲವೇ ಆ ಬದಿಗೆ ಸಣ್ಣ ಪೆಟ್ಟಿಗೆ ಹಾಕಬೇಕು. ರ‍್ಯಾಕ್ ಚಾಚಿದ ಕಡೆ ಬೈಕು ಎಷ್ಟು ಅಗಲವಾಗಿದೆ ಅನ್ನುವುದು ಮೊದಲ ದಿನ ಗೇಟಿಗೆ ತಾಗಿದಾಗ ಗೊತ್ತಾಗುತ್ತದೆ. ಸೂಪರ್ ಮೀಟಿಯರ್ 650, ಜಾವಾದಂಥ ಬೈಕುಗಳ ಎರಡು ಸೈಲೆನ್ಸರ್ ತಗ್ಗಿನಲ್ಲಿ, ನೆಲಕ್ಕೆ ಸಮಾನಾಂತರವಾಗಿ ಇರುತ್ತವೆ. ಎರಡು ಬದಿಗೂ ಒಂದೇ ಅಳತೆಯ ಬ್ಯಾಗು ಅವುಗಳ ಮೇಲೆ ನೇತಾಡಬಹುದು. ಕವಾಸಾಕಿ ವರ್ಸಿಸ್ 650ಯಂತೆ ಸೈಲೆನ್ಸರ್ ಎಂಜಿನ್ನಿನ ಕೆಳಗೇ ಅಡಗಿದ್ದರೆ ಈ ತಲೆನೋವೇ ಇಲ್ಲ.

ಅಳೆಯುವ ಕ್ರಮ ಹೀಗಿರಲಿ. ಬ್ಯಾಗಿಗೆ ನಿಜವಾಗಿ ಒಯ್ಯುವಷ್ಟು ತುಂಬಿ. ಬೈಕಿಗೆ ಕಟ್ಟಿ. ನೀವೂ ಹತ್ತಿ, ಜೊತೆಯವರನ್ನೂ ಹತ್ತಿಸಿ. ಒಬ್ಬ ಮೂರನೆಯವರು ಬ್ಯಾಗಿನ ತಳಕ್ಕೂ ಸೈಲೆನ್ಸರಿಗೂ ನಡುವಿನ ಜಾಗ ನೋಡಲಿ. ಬಟ್ಟೆಯ ಬ್ಯಾಗಾದರೆ ಕನಿಷ್ಠ ನಾಲ್ಕು ಬೆರಳು ಅಂತರ ಇರಲೇಬೇಕು. ಬ್ಯಾಗು ಜೋತು ಬೀಳದಂತೆ ರ‍್ಯಾಕ್ ಅಥವಾ ಕಂಬಿ ಬೇಕು, ಹಗ್ಗ ಸಾಲದು.

ಎಚ್ಚರಿಕೆ: ಬ್ಯಾಗಿಗಿಂತ ಅದರ ಮಳೆ ಕವರು ಬೇಗ ಸುಡುತ್ತದೆ. ನೀರು ತುಂಬಿ ಜೋತು ಬಿದ್ದು ನೇರ ಸೈಲೆನ್ಸರಿಗೆ ಅಂಟಿಕೊಳ್ಳುತ್ತದೆ. ನನ್ನದೊಂದು ಕವರು ಆಗುಂಬೆ ಘಾಟಿಯಲ್ಲಿ ಹೀಗೇ ಹೋಯಿತು. ಕರಗಿದ ಪ್ಲಾಸ್ಟಿಕ್ಕನ್ನು ಕೆರೆಯುವುದರಲ್ಲಿ ಒಂದು ಭಾನುವಾರವೂ ಹೋಯಿತು. ಡಬಲ್ ಸೈಲೆನ್ಸರ್ ಇದ್ದರೆ ಈ ಅಪಾಯ ಎರಡೂ ಬದಿಗೆ.

4. ಹಿಂದಿನ ಚಕ್ರ ಬಿಚ್ಚಲು ಆಗುತ್ತಾ?

ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಎಲ್ಲರೂ ಕೇಳಿಕೊಳ್ಳುತ್ತಾರೆ.

ಟ್ಯೂಬ್ ಇರುವ ಕಡ್ಡಿ ಚಕ್ರದ ಬೈಕಿನಲ್ಲಿ ಪಂಕ್ಚರ್ ಆದರೆ ಸಾಮಾನ್ಯವಾಗಿ ಚಕ್ರ ಬಿಚ್ಚಬೇಕು. ಚಕ್ರ ಬಿಚ್ಚಬೇಕಾದರೆ ಆಕ್ಸಲ್, ಅಂದರೆ ಚಕ್ರದ ನಡುವಿನ ಉದ್ದ ಸರಳು, ಒಂದು ಬದಿಗೆ ಹೊರಗೆ ಬರಬೇಕು. ಆ ಬದಿಯಲ್ಲಿ ಸೈಲೆನ್ಸರ್ ಅಡ್ಡ ಇದ್ದರೆ ಮೊದಲು ಅದನ್ನು ಬಿಚ್ಚಬೇಕು. ಹಿರಿಯೂರಿನ ಆಚೆ, ಮಧ್ಯಾಹ್ನದ ಬಿಸಿಲಿನಲ್ಲಿ, ಕಾದ ಸೈಲೆನ್ಸರ್ ಬಿಚ್ಚುವುದು ಯಾರಿಗೆ ಬೇಕು? ಪೈಪ್ ಕೊಳ್ಳುವ ಮೊದಲು ಆಕ್ಸಲ್ ಯಾವ ಕಡೆಯಿಂದ ಹೊರಬರುತ್ತದೆ, ಸ್ಪ್ಯಾನರ್ ತಿರುಗಲು ಜಾಗ ಇದೆಯಾ ನೋಡಿ. ಹಾಗೆಯೇ ಸೆಂಟರ್ ಸ್ಟ್ಯಾಂಡ್ ಹಾಕಿ ತೆಗೆದು ನೋಡಿ. ಕೆಲವು ಹೊರಗಿನ ಟೂ-ಇನ್‌ಟು-ಒನ್ ಪೈಪುಗಳನ್ನು ಹಾಕಿದರೆ ಸೆಂಟರ್ ಸ್ಟ್ಯಾಂಡನ್ನೇ ತೆಗೆಯಬೇಕಾಗುತ್ತದೆ. ದೂರ ಹೋಗುವ ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಚೈನಿಗೆ ಎಣ್ಣೆ ಹಾಕುವುದೂ ಕಷ್ಟ. ಹೆಚ್ಚಿನ ಬೈಕುಗಳ ಚೈನ್ ಎಡಗಡೆ ಇರುವುದರಿಂದ, ಡಬಲ್‌ನಲ್ಲಿ ಎಡ ಸೈಲೆನ್ಸರ್ ಈ ಕೆಲಸಕ್ಕೂ ಅಡ್ಡ ಬರುತ್ತದೆ.

ಬೈಕು ಬಿದ್ದಾಗಲೂ ಅಷ್ಟೇ. ಡಬಲ್‌ನಲ್ಲಿ ಯಾವ ಕಡೆ ಬಿದ್ದರೂ ಒಂದು ಸೈಲೆನ್ಸರಿಗೆ ಪೆಟ್ಟು.

5. ನಿಮ್ಮ ದಾರಿ ಯಾವುದು?

ಹೆದ್ದಾರಿ ಮಾತ್ರವಾದರೆ ಯಾವುದಾದರೂ ಸರಿ. ಮಲೆನಾಡಿನ ಒಳದಾರಿ, ಕಲ್ಲು, ಕೆಸರು ಅಂದರೆ ಪೈಪು ಎಂಜಿನ್ನಿನ ಕೆಳಗೆ ಎಷ್ಟು ಇಳಿದಿದೆ ನೋಡಿ. ಟೂ-ಇನ್‌ಟು-ಒನ್ ಪೈಪುಗಳು ಕೂಡುವ ಜಾಗ ಸಾಮಾನ್ಯವಾಗಿ ಎಂಜಿನ್ನಿನ ತಳದಲ್ಲೇ ಇರುತ್ತದೆ. ಕಲ್ಲು ಮೊದಲು ಬಡಿಯುವುದೂ ಅಲ್ಲಿಗೇ. ಸೈಲೆನ್ಸರಿನ ಬಾಯಿ ಮುಳುಗುವಷ್ಟು ನೀರಿಗೆ ಸುಮ್ನೆ ಇಳಿಯಬೇಡಿ. ಒಂದಿದ್ದರೂ ಅಷ್ಟೇ, ಎರಡಿದ್ದರೂ ಅಷ್ಟೇ.

6. ಕಾನೂನು ನೋಡದೆ ದುಡ್ಡು ಕೊಡಬೇಡಿ

ಕಂಪನಿ ಬೈಕಿಗೆ ಒಪ್ಪಿಗೆ ಪಡೆದಿರುವುದು ಅದರ ಸೈಲೆನ್ಸರ್ ಸಮೇತ. 175 ಸಿಸಿಗಿಂತ ದೊಡ್ಡ ಬೈಕಿಗೆ ತಯಾರಿಕೆಯ ಹಂತದ ಪರೀಕ್ಷೆಯಲ್ಲಿ ಸದ್ದಿನ ಮಿತಿ 80 ಡೆಸಿಬಲ್. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಸದ್ದು ಮತ್ತು ಹೊಗೆಯ ಮಾನದಂಡ ಮೀರಿದ ಬೈಕ್ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಜೊತೆಗೆ ಲೈಸೆನ್ಸಿಗೆ 3 ತಿಂಗಳ ಅನರ್ಹತೆಯೂ ಇದೆ. ಅನುಮತಿ ಇಲ್ಲದೆ ವಾಹನ ಬದಲಿಸಿದ ಮಾಲೀಕರಿಗೆ 182ಎ ಕಲಂ ಅಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಲು ಅವಕಾಶ ಇದೆ. ಕಿತ್ತುಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಚಿತ್ರ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅವುಗಳಲ್ಲಿ ಮೂವತ್ತು, ನಲವತ್ತು ಸಾವಿರ ಕೊಟ್ಟು ತಂದದ್ದೂ ಇರುತ್ತದೆ.

ಎಲ್ಲರೂ ಬೀಳುವ ಗುಂಡಿ ಒಂದಿದೆ. ಪೆಟ್ಟಿಗೆಯ ಮೇಲೆ ಹೊರದೇಶದ ಪ್ರಮಾಣಪತ್ರದ ಮುದ್ರೆ ಇದ್ದರೆ ಸಾಕು ಅಂದುಕೊಳ್ಳುವುದು. ಆ ಮುದ್ರೆ ಆ ದೇಶದ ನಿಯಮಕ್ಕೆ ಮಾತ್ರ. ಇನ್ನೊಂದು, ಸದ್ದು ತಗ್ಗಿಸಲು ಸೈಲೆನ್ಸರಿನ ಬಾಯಿಗೆ ಹಾಕುವ 'ಡಿಬಿ ಕಿಲ್ಲರ್' ಅನ್ನುವ ಬಿರಡೆಯನ್ನು ಪೊಲೀಸರು ಕಂಡಾಗ ಹಾಕಿ, ಆಮೇಲೆ ತೆಗೆಯಬಹುದು ಅನ್ನುವ ಲೆಕ್ಕ. ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದ ಮೇಲೆ ಅದನ್ನು ಹಾಕುವುದು ಹೇಗೆ?

ಸುರಕ್ಷಿತ ದಾರಿ ಅಂದರೆ ನಿಮ್ಮ ಮಾಡೆಲ್ಲಿಗೇ ಅಂತ ಬೈಕಿನ ಕಂಪನಿ ಮಾರುವ ಬಿಡಿಭಾಗ. ಅದಕ್ಕೂ "ರಸ್ತೆಯಲ್ಲಿ ಬಳಸಲು ಒಪ್ಪಿಗೆ ಇದೆಯಾ, ವಾರಂಟಿ ಉಳಿಯುತ್ತಾ?" ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವಿಮೆ ಕಂಪನಿಗೂ ತಿಳಿಸಿ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಫುಲ್ ಸಿಸ್ಟಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನಿ.

7. ಹಾಕಿಸುವುದೇ ಅಂತ ನಿರ್ಧರಿಸಿದ್ದರೆ

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ಇವನ್ನು ಗಮನಿಸಿ.

ಬೆಂಡ್ ಪೈಪ್ ಎಂಜಿನ್ನಿಗೆ ಕೂಡುವಲ್ಲಿ ಒಂದು ಗ್ಯಾಸ್ಕೆಟ್ ಇರುತ್ತದೆ. ಸಂದಿಯಿಂದ ಹೊಗೆ ಸೋರದಂತೆ ತಡೆಯುವ ಬಳೆ ಅದು. ಪೈಪ್ ಬಿಚ್ಚಿದರೆ ಹೊಸದನ್ನೇ ಹಾಕಿಸಿ. ಹಳೆಯದು ಒಮ್ಮೆ ಅಮುಕಿಕೊಂಡ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಆಕ್ಸಿಜನ್ ಸೆನ್ಸರಿನ ವೈರನ್ನು ಮೊದಲು ಕಳಚಿ, ಆಮೇಲೆ ಸೆನ್ಸರ್ ತಿರುಗಿಸಬೇಕು. ಇಲ್ಲದಿದ್ದರೆ ವೈರ್ ತಿರುಚಿ ಹರಿಯುತ್ತದೆ. ಎರಡು ಸಿಲಿಂಡರಿನ ಬೈಕಿನಲ್ಲಿ ಒಂದೊಂದು ಪೈಪಿಗೆ ಒಂದೊಂದು ಸೆನ್ಸರ್ ಇದ್ದರೆ, ಹೊಸ ಪೈಪಿನಲ್ಲೂ ಎರಡಕ್ಕೂ ಜಾಗ ಇರಬೇಕು. ಒಂದನ್ನು ಹಾಗೇ ನೇತುಬಿಟ್ಟರೆ ಮೀಟರಿನಲ್ಲಿ ಎಂಜಿನ್ ದೀಪ ಹತ್ತುತ್ತದೆ.

ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲಿ ಮಾತ್ರ ಹಾಕಿ ಪೈಪನ್ನು ಸರಿಯಾಗಿ ಕೂರಿಸಬೇಕು. ಆಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತ ಬರಬೇಕು. ಹಿಂದಿನ ಕ್ಲ್ಯಾಂಪನ್ನು ಮೊದಲು ಬಿಗಿದು ಮುಂದಿನದನ್ನು ಎಳೆದು ಕೂರಿಸಿದರೆ ಪೈಪು ಸದಾ ಒತ್ತಡದಲ್ಲಿರುತ್ತದೆ. ನಾಲ್ಕೈದು ಸಾವಿರ ಕಿಲೋಮೀಟರ್ ನಡುಗಿದ ಮೇಲೆ ಬ್ರ‍್ಯಾಕೆಟ್ ಸೀಳುತ್ತದೆ. ಡಬಲ್‌ನಲ್ಲಿ ಎರಡು ಬದಿಯ ಸೈಲೆನ್ಸರೂ ಒಂದೇ ಎತ್ತರದಲ್ಲಿವೆಯಾ ಎಂದು ಹಿಂದಿನಿಂದ ನಿಂತು ನೋಡಿ.

ಸ್ಟೇನ್‌ಲೆಸ್ ಸ್ಟೀಲ್ ಪೈಪಾದರೆ ಸ್ಟಾರ್ಟ್ ಮಾಡುವ ಮೊದಲು ಒರೆಸಿ. ಕೈಯ ಎಣ್ಣೆಯ ಗುರುತು ಬಿಸಿಗೆ ಸುಟ್ಟು ಬೆರಳಚ್ಚಿನಂತೆ ಅಲ್ಲೇ ಉಳಿದುಬಿಡುತ್ತದೆ.

ಐವತ್ತು ಕಿಲೋಮೀಟರ್ ಓಡಿಸಿ, ಆರಲು ಬಿಟ್ಟು, ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿಯಿರಿ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಪಟಾಕಿ ಸದ್ದು ಬಂದರೆ ಖುಷಿಪಡಬೇಡಿ. ಹೆಚ್ಚಾಗಿ ಅದು ಯಾವುದೋ ಸಂದಿಯಲ್ಲಿ ಗಾಳಿ ಒಳಗೆ ಹೋಗುತ್ತಿರುವ ಗುರುತು.

8. ಹೊರಡುವ ಮೊದಲು ಒಂದು ಪೂರ್ತಿ ದಿನ

ಮನೆ ಮುಂದೆ ಕೇಳಿದ ಸದ್ದಿಗೂ, ಹೆದ್ದಾರಿಯಲ್ಲಿ ಆರು ಗಂಟೆ ಕೇಳುವ ಸದ್ದಿಗೂ ಸಂಬಂಧವಿಲ್ಲ. ನೀವು ಸಾಮಾನ್ಯವಾಗಿ ಹೋಗುವ ವೇಗದಲ್ಲೇ, ಗಂಟೆಗೆ 80ರಿಂದ 90ರಲ್ಲಿ, ಒಂದೇ ಸಮ 'ಗುಂಯ್' ಅನ್ನುವ ಸದ್ದು ಹೆಲ್ಮೆಟ್ಟಿನೊಳಗೆ ತುಂಬಿಕೊಂಡರೆ ಆ ಸೈಲೆನ್ಸರ್ ನಿಮಗಲ್ಲ. ಮೊದಲ ಗಂಟೆ ಚೆನ್ನಾಗಿರುತ್ತದೆ. ಮೂರನೇ ಗಂಟೆಗೆ ತಲೆನೋವು ಬರುತ್ತದೆ. ಹಿಂದೆ ಕೂತವರಿಗೆ ಇನ್ನೂ ಬೇಗ. ಹಾಗಾಗಿ ಪೂರ್ತಿ ಹೊರೆ ಹೇರಿ, ಜೊತೆಯವರೊಂದಿಗೆ, 200 ಕಿಲೋಮೀಟರ್ ಹೋಗಿ ಬನ್ನಿ. ಬಂದ ಮೇಲೆ ಬ್ಯಾಗಿನ ತಳ ಮುಟ್ಟಿ ನೋಡಿ, ಬೋಲ್ಟ್ ನೋಡಿ, ಮೈಲೇಜ್ ಬರೆದಿಡಿ.

ಕರಾವಳಿಯವರಿಗೆ ಒಂದು ಮಾತು. ಉಪ್ಪುಗಾಳಿಗೆ ಸೈಲೆನ್ಸರ್ ಹೊರಗಿನಿಂದ ತುಕ್ಕು ಹಿಡಿದರೆ, ದಿನಾ ಎರಡೇ ಕಿಲೋಮೀಟರ್ ಓಡಿಸುವವರಿಗೆ ಒಳಗಿನಿಂದ ಹಿಡಿಯುತ್ತದೆ. ಹೊಗೆಯ ಜೊತೆ ಬರುವ ನೀರಿನಂಶ ಆವಿಯಾಗುವಷ್ಟು ಬಿಸಿ ಆಗುವುದೇ ಇಲ್ಲ. ಸೈಲೆನ್ಸರಿನ ತಳದಲ್ಲಿ ಸಣ್ಣ ತೂತು ಇದ್ದರೆ ಅದು ಆ ನೀರು ಇಳಿಯಲೆಂದೇ ಇರುವುದು. ಸೋರುತ್ತಿದೆ ಅಂತ ಎಂಸೀಲ್ ಮೆತ್ತಿಸಬೇಡಿ.

ಬಿಚ್ಚಿದ ಹಳೇ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ಬೈಕ್ ಮಾರುವಾಗ, 15 ವರ್ಷದ ನಂತರ ಆರ್‌ಸಿ ನವೀಕರಣಕ್ಕೆ ಆರ್‌ಟಿಒಗೆ ತೋರಿಸುವಾಗ ಅದೇ ಬೇಕಾಗುತ್ತದೆ. ತೊಳೆದು, ಒಣಗಿಸಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟದ ಮೇಲಿಡಿ. ಎರಡೂ ತುದಿಗೆ ಬಟ್ಟೆ ತುರುಕಿಡಿ, ಕಣಜ ಗೂಡು ಕಟ್ಟಬಾರದಲ್ಲ. ಮತ್ತೆ ಹಾಕುವ ದಿನ ಆ ಬಟ್ಟೆ ತೆಗೆಯುವುದನ್ನು ಮಾತ್ರ ಮರೆಯಬೇಡಿ.